ಮಡಿಯಲ್ಲಿ ಬೆಂದ ಡೋನಟ್ಟು

ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಕಳಿತ ಬಾಳೆಹಣ್ಣು, ಬೆಲ್ಲ, ಏಲಕ್ಕಿ ಸೇರಿದ ವಾಸನೆ ಮೂಗಿಗೆ ಹೊಡೆಯಿತು. ಆಹಾ ಎನ್ನಬೇಕಾದ ವಾಸನೆ. ನನಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ತಂದುಕೊಟ್ಟವಳು ಶ್ರಾವ್ಯ, ನನ್ನ ಸೋದರತ್ತೆಯ ಮೊಮ್ಮಗಳು. ಆರ್‌ಪಿಸಿ ಲೇಔಟಿನ ತನ್ನ ಮನೆಯಲ್ಲೇ ಓವನ್ ಇಟ್ಟುಕೊಂಡು ಇಂಥದ್ದನ್ನೆಲ್ಲ ಬೇಯಿಸಿ ಮಾರುತ್ತಾಳೆ. "ವೀಗನ್ ಫ್ರೂಟ್ ಡೋನಟ್ ಆಂಟಿ. ಹಾಲಿಲ್ಲ, ಬೆಣ್ಣೆ ಇಲ್ಲ, ಮೊಟ್ಟೆ ಇಲ್ಲ. ಎಣ್ಣೇಲಿ ಕರಿದಿದ್ದೂ ಅಲ್ಲ, ಬೇಕ್ ಮಾಡಿರೋದು. ಧೈರ್ಯವಾಗಿ ತಿನ್ನಿ," ಎಂದಳು. ಹುಡುಗಿಯ ಮೇಲೆ ನನಗೇನೂ ಸಿಟ್ಟಿಲ್ಲ. ಸಿಟ್ಟು ಬಂದದ್ದು ಡಬ್ಬಿಗೆ ಅಂಟಿಸಿದ್ದ ಚೀಟಿ ನೋಡಿ. ಸುತ್ತ ಬಳ್ಳಿಯ ಅಂಚು, ಅದರೊಳಗೆ ಚೆಂದದ ಅಕ್ಷರದಲ್ಲಿ 'ಸುಶೀಲಜ್ಜಿಯ ಕೈರುಚಿ' ಎಂದು ಅಚ್ಚು ಹಾಕಿಸಿದ್ದಳು.

ಸುಶೀಲಜ್ಜಿಯ ಕೈರುಚಿಯಂತೆ! ಆ ಕೈ ಏನು ಮಾಡಿತ್ತೆಂದು ನನಗೆ ಗೊತ್ತು. ಸ್ವಲ್ಪ ಕೂತುಕೊಳ್ಳಿ, ನಿಮಗೂ ಹೇಳುತ್ತೇನೆ. ಹೇಳದಿದ್ದರೆ ಇವತ್ತು ನನಗೆ ಊಟ ಸೇರುವುದಿಲ್ಲ.

ನನಗೆ ಹಾಲು ಆಗುವುದಿಲ್ಲ. ಈ ಮಾತನ್ನು ಈಗ ಯಾರ ಮುಂದೆ ಬೇಕಾದರೂ ಹೇಳಬಹುದು. ಹೋಟೆಲಿನ ಮಾಣಿಯೂ "ಹಾಗಾದ್ರೆ ಬ್ಲಾಕ್ ಕಾಫಿ ಕೊಡ್ಲಾ ಮೇಡಂ?" ಎಂದು ಕೇಳಿ ಹೋಗುತ್ತಾನೆ. ನಾನು ಹುಡುಗಿಯಾಗಿದ್ದದ್ದು ಎಪ್ಪತ್ತರ ದಶಕದ ರಾಜಾಜಿನಗರದಲ್ಲಿ. ಹಾಲು ಆಗಲ್ಲ ಎಂದರೆ ಜನ ನನ್ನನ್ನು ನೋಡುತ್ತಿದ್ದ ರೀತಿಯೇ ಬೇರೆ. ನಾನು ಹಸುವಿಗೇ ಬೈದೆನೇನೋ ಎಂಬಂತೆ. ಡೈರಿಯ ಬಾಟಲಿ ಹಾಲಿಗಾಗಿ ಬೆಳಗಾಗುವ ಮುಂಚೆ ಕ್ಯೂ ನಿಲ್ಲುತ್ತಿದ್ದ ಕಾಲ ಅದು. ಡೈರಿ ಹಾಲನ್ನು ನಂಬದವರಿಗೆ ಸುಂಕದಕಟ್ಟೆ ಕಡೆಯಿಂದ ಹಸುವನ್ನೇ ಹೊಡೆದುಕೊಂಡು ಬಂದು ಬಾಗಿಲಲ್ಲಿ ಕರೆದುಕೊಡುವವನಿದ್ದ. ಅಷ್ಟು ಕಷ್ಟಪಟ್ಟು ತಂದ ಹಾಲನ್ನು ಮನೆಯ ಒಬ್ಬಳೇ ಮಗಳು ಬೇಡ ಎನ್ನುವುದೆಂದರೆ ಕೊಬ್ಬು ಎಂದೇ ಲೆಕ್ಕ.

ಕೊಬ್ಬಲ್ಲ, ದಮ್ಮಯ್ಯ, ಕೊಬ್ಬಲ್ಲ. ಒಂದು ಗುಟುಕು ಹೊಟ್ಟೆಗೆ ಹೋದರೆ ಮೊದಲು ಕಿವಿಯೊಳಗೆ ತುರಿಕೆ, ಆಮೇಲೆ ತುಟಿ ಊದುವುದು, ಆಮೇಲೆ ಮೈತುಂಬ ಕೆಂಪು ಗಂಧೆ, ವಾಂತಿ. ಮಜ್ಜಿಗೆಯಾದರೂ ಅಷ್ಟೆ, ಒಂದು ಮಿಳ್ಳೆ ತುಪ್ಪವಾದರೂ ಅಷ್ಟೆ. ನಂಬಿದವಳು ಅಮ್ಮ ಒಬ್ಬಳು. ಅಪ್ಪ ಪೂರ್ತಿ ನಂಬಿರಲಿಲ್ಲ, ಪೂರ್ತಿ ಬಿಟ್ಟೂ ಇರಲಿಲ್ಲ. ಅವರದು ಎಲ್ಲದಕ್ಕೂ ಒಂದೇ ಮಂತ್ರ, "ಹೋಗ್ಲಿ ಬಿಡು."

ಸುಶೀಲತ್ತೆ ಮಾತ್ರ ಬಿಡುವವರಲ್ಲ. ಅಪ್ಪನ ಅಕ್ಕ ಅವರು, ಹಿಂದಿನ ಬೀದಿಯಲ್ಲೇ ಮನೆ. ಅಜ್ಜಿ ತೀರಿಕೊಂಡ ಮೇಲೆ ತವರುಮನೆಯ ಮಡಿ ಕೆಡಬಾರದೆಂದು ದಿನಕ್ಕೊಂದು ಸಲವಾದರೂ ಬಂದು ನೋಡಿ ಹೋಗುತ್ತಿದ್ದರು. ತಲೆಗೆ ನೀರು ಹಾಕಿಕೊಂಡು ಒದ್ದೆ ಸೀರೆ ಉಟ್ಟು ಅಡುಗೆಗೆ ನಿಂತವರನ್ನು ಯಾರೂ ಮುಟ್ಟಬಾರದು, ಅವರಿರುವ ಅಡುಗೆಮನೆಗೆ ಯಾರೂ ಕಾಲಿಡಬಾರದು, ಇದು ಅವರ ಮಡಿ. ಅಮ್ಮನಿಗೆ ಅದು ಕಂಡರಾಗದು. ಹಬ್ಬಕ್ಕೆ, ತಿಥಿಗೆ ಹಲ್ಲು ಕಚ್ಚಿಕೊಂಡು ಮಾಡಿ ಮುಗಿಸುತ್ತಿದ್ದಳು. ನನ್ನ ವಿಷಯದಲ್ಲಿ ಸುಶೀಲತ್ತೆಯ ತೀರ್ಪು ಎಂದೋ ಆಗಿಹೋಗಿತ್ತು. ಅಮ್ಮನಿಗೆ ಹೇಳುತ್ತಿದ್ದರು, "ಎಲ್ಲಾ ಮನಸ್ಸಿನದು ಕಣೇ ಸರಸು. ಗೊತ್ತಿಲ್ದೆ ಕೊಟ್ಟು ನೋಡು, ಏನೂ ಆಗಲ್ಲ. ನೀನು ಮುದ್ದು ಮಾಡಿ ಕೆಡಿಸಿದೀಯ."

ನೆಂಟರ ಮನೆಯಲ್ಲಿ ಎಲ್ಲರಿಗೂ ಪಾಯಸ ಬಡಿಸಿದಾಗ ನನ್ನ ಎಲೆಯಲ್ಲಿ ಒಂದು ಚೂರು ಬೆಲ್ಲ. ಗೆಳತಿಯರ ಮನೆಯ ಹುಟ್ಟುಹಬ್ಬಕ್ಕೆ ಹೋದರೆ ಎಲ್ಲರಿಗೂ ಬೇಕರಿ ಕೇಕು, ನನಗೆ ಎರಡು ಬಾಳೆಹಣ್ಣು. "ಪಾಪ," ಎನ್ನುತ್ತಿದ್ದರು. ಆ 'ಪಾಪ' ಕೇಳಿದರೆ ನನಗೆ ಬಾಳೆಹಣ್ಣನ್ನು ಅವರ ತಲೆಯ ಮೇಲೇ ಹಿಸುಕಬೇಕು ಎನಿಸುತ್ತಿತ್ತು. ನನಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ಒಂದೇ ಒಂದು ಸಲ, ಎಲ್ಲರೂ ತಿನ್ನುವುದನ್ನೇ ಎಲ್ಲರ ಜೊತೆ ಕೂತು ತಿನ್ನಬೇಕು, ಅಷ್ಟೆ.

ಆ ವರ್ಷ ನನ್ನ ವಿಜ್ಞಾನದ ನೋಟ್‌ಬುಕ್ಕಿಗೆ ಅಪ್ಪ ಯಾವುದೋ ವಿದೇಶಿ ಪತ್ರಿಕೆಯ ನುಣುಪು ಹಾಳೆಯಲ್ಲಿ ಬೈಂಡ್ ಹಾಕಿಕೊಟ್ಟಿದ್ದರು. ಅದರ ಮೇಲೊಂದು ಚಿತ್ರ: ದುಂಡಗೆ, ನಡುವೆ ತೂತು, ಮೇಲೆ ಬಣ್ಣಬಣ್ಣದ ಹಣ್ಣಿನ ಚೂರು. ಕೆಳಗೆ ಇಂಗ್ಲಿಷಿನಲ್ಲಿ ಡೋನಟ್ ಎಂದಿತ್ತು. ಅಮ್ಮನಿಗೆ ತೋರಿಸಿದೆ. "ಇದೇನೇ ಪುಟ್ಟಿ, ಉದ್ದಿನವಡೆಗೆ ಬಣ್ಣ ಬಳಿದಿದಾರೆ?" ಎಂದಳು. ಸ್ವಲ್ಪ ಹೊತ್ತು ನೋಡಿದಳು. "ನಿನ್ನ ಹುಟ್ಟಿದಹಬ್ಬಕ್ಕೆ ಇದನ್ನೇ ಮಾಡೋಣ. ಎಲ್ರಿಗೂ ಇದೇ. ನಿನ್ನ ಫ್ರೆಂಡ್ಸನ್ನ ಕರಿ," ಎಂದಳು.

ಚಿಕ್ಕಪೇಟೆಯಿಂದ ತಂದ ದುಂಡನೆಯ ಅಲ್ಯೂಮಿನಿಯಂ ಓವನ್ನೊಂದು ನಮ್ಮಲ್ಲಿತ್ತು. ಮುಚ್ಚಳದಲ್ಲಿ ಗಾಜಿನ ಕಿಂಡಿ, ಬಟ್ಟೆ ಸುತ್ತಿದ ದಪ್ಪ ವೈರು. ಪ್ಲಗ್ ಹಾಕಿದರೆ ಮನೆಯ ಬಲ್ಬುಗಳೆಲ್ಲ ಮಂಕಾಗುತ್ತಿದ್ದವು. ಅಮ್ಮ ಪಚ್ಚಬಾಳೆ ಹಿಸುಕಿ, ಬೆಲ್ಲ ಕರಗಿಸಿ, ಕಡಲೆಕಾಯಿ ಎಣ್ಣೆ ಬೆರೆಸಿ, ಮೈದಾಹಿಟ್ಟನ್ನು ತೆಂಗಿನಕಾಯಿ ಹಾಲಿನಲ್ಲಿ ಕಲಸಿದಳು. ಉಬ್ಬಲಿ ಎಂದು ಸೋಡ ಮತ್ತು ನಿಂಬೆರಸ. ಒಣದ್ರಾಕ್ಷಿ, ಖರ್ಜೂರ, ಟೂಟಿಫ್ರೂಟಿ. ಮಣೆಯ ಮೇಲೆ ತಟ್ಟಿ, ಸ್ಟೀಲ್ ಲೋಟದಲ್ಲಿ ಒತ್ತಿ ದುಂಡಗೆ ಕತ್ತರಿಸಿ, ನಡುವಿನ ತೂತಿಗೆ ನಾನು ಕೂಸಾಗಿದ್ದಾಗಿನ ಗ್ರೈಪ್ ವಾಟರ್ ಬಾಟಲಿಯ ಮುಚ್ಚಳ. ಮೊದಲ ಸಲ ಬೆಂದದ್ದರಲ್ಲಿ ಗೋಡೆಗೆ ಮೊಳೆ ಹೊಡೆಯಬಹುದೆಂದು ಅಪ್ಪ ಹೇಳಿದರು. ಮತ್ತೊಂದು ಸಲ ತೂತು ಮುಚ್ಚಿಹೋಗಿ ಬನ್ನಾಯಿತು. ಅಮ್ಮ ಬಿಡಲಿಲ್ಲ. ಕೊನೆಗೊಂದು ಭಾನುವಾರ ಅವು ಕೆಂಪಗೆ, ಮೆತ್ತಗೆ, ತೂತಿನ ಸಮೇತ ಎದ್ದು ಬಂದವು. ನಾನು ಬಿಸಿಬಿಸಿಯಾಗಿ ಎರಡು ತಿಂದೆ. ಏನೂ ಆಗಲಿಲ್ಲ.

ಸುಶೀಲತ್ತೆಗೆ ಇದು ತಮಾಷೆಯಾಯಿತು. "ತೆಂಗಿನಕಾಯಿ ಹಾಲು ಆಗುತ್ತಂತೆ, ಹಸುವಿನ ಹಾಲು ಆಗಲ್ವಂತೆ. ಹಾಲು ಹಾಲೇ ಅಲ್ವೇನೇ?" ಎಂದು ನಕ್ಕರು. ಅಮ್ಮ ಕಾಯಿ ಹಿಂಡುತ್ತಲೇ ಇದ್ದಳು. ಉತ್ತರ ಕೊಡದೆ ಇರುವುದು ಆಗ ಸೊಸೆಯರ ಕೆಲಸವಾಗಿತ್ತು.

ಹುಟ್ಟುಹಬ್ಬದ ದಿನ ನನ್ನ ಕ್ಲಾಸಿನ ನಾಲ್ವರು ಹುಡುಗಿಯರು ಬಂದರು. ಅಮ್ಮ ಹಿಂಡಿದ ಕಾಯಿಹಾಲನ್ನು ಬಟ್ಟಲಲ್ಲಿಟ್ಟು, ನಲ್ಲಿಯಲ್ಲಿ ನೀರು ಬಂತೆಂದು ಹಿತ್ತಲಿಗೆ ಓಡಿದ್ದಳು. ಅಡುಗೆಮನೆಯಲ್ಲಿ ಸುಶೀಲತ್ತೆ ಒಬ್ಬರೇ. ಬಟ್ಟಲಿನ ಅರ್ಧ ಕಾಯಿಹಾಲು ಚೆಲ್ಲಿ, ಅಷ್ಟೇ ಹಸುವಿನ ಹಾಲು ಸುರಿದರು. ಅಮ್ಮ ಬಂದು ಅದರಲ್ಲೇ ಹಿಟ್ಟು ಕಲಸಿದಳು. ತೆಂಗಿನಕಾಯಿಯ ಘಮ ಹಾಗೇ ಇತ್ತು. ಅವಳಿಗೆ ಹೇಗೆ ತಿಳಿಯಬೇಕು?

ನಾವು ಐವರು ಚಾಪೆಯ ಮೇಲೆ ಸಾಲಾಗಿ ಕೂತೆವು. ಒಂದೇ ಥರದ ತಟ್ಟೆ, ಒಂದೇ ಥರದ ಡೋನಟ್ಟು. ಪಕ್ಕದಲ್ಲಿದ್ದ ಹುಡುಗಿ ತನ್ನದನ್ನು ಬೆರಳಿಗೆ ಸಿಕ್ಕಿಸಿಕೊಂಡು ತಿರುಗಿಸಿದಳು, ನಾನೂ ತಿರುಗಿಸಿದೆ. ಎಷ್ಟು ಖುಷಿಯಾಗಿತ್ತೆಂದರೆ ಅಗಿಯುವುದನ್ನೂ ಮರೆತು ನುಂಗುತ್ತಿದ್ದೆ. ಮೊದಲನೆಯದು ಮುಗಿಯುವಷ್ಟರಲ್ಲಿ ಸುಶೀಲತ್ತೆ ಹಾಲಿನ ಪಾತ್ರೆ ಹಿಡಿದುಕೊಂಡೇ ನಡುಮನೆಗೆ ಬಂದು, ಎಲ್ಲರಿಗೂ ಕೇಳುವಂತೆ ಹೇಳಿದರು. "ನೋಡಿದ್ರಾ? ಇದ್ರಲ್ಲಿ ಹಸುವಿನ ಹಾಲು ಹಾಕಿದೀನಿ. ತಿಂದ್ಲೋ ಇಲ್ವೋ? ಏನಾಯ್ತು ಈಗ?"

ನನಗೆ ಆಗಲೇ ಕಿವಿಯೊಳಗೆ ತುರಿಕೆ ಶುರುವಾಗಿತ್ತು. ಖುಷಿಯಲ್ಲಿ ಗಮನಿಸಿರಲಿಲ್ಲ. ಮುಂದಿನದೆಲ್ಲ ಬೇಗ ಬೇಗ ಆಯಿತು. ತುಟಿ ಊದಿತು, ಕಣ್ಣು ಮುಚ್ಚಿಕೊಂಡವು, ಚಾಪೆಯ ಮೇಲೆಲ್ಲ ವಾಂತಿ. ಹುಡುಗಿಯರು ತಟ್ಟೆ ಬಿಟ್ಟು ಗೋಡೆಗೆ ಒತ್ತಿಕೊಂಡು ನಿಂತರು. ಉಸಿರು ಎಳೆಯುವಾಗ ಸಿಳ್ಳೆಯಂಥ ಸದ್ದು ಬರುತ್ತಿತ್ತು. ಅಪ್ಪ ನನ್ನನ್ನು ಎತ್ತಿಕೊಂಡು ಮೇನ್ ರೋಡಿನ ಡಾಕ್ಟರ ಹತ್ತಿರ ಓಡಿದರು, ಹಿಂದೆ ಅಮ್ಮ ಬರಿಗಾಲಲ್ಲಿ. ಡಾಕ್ಟರು ಇಂಜೆಕ್ಷನ್ ಕೊಟ್ಟು, "ಇದು ಅಲರ್ಜಿ. ಇನ್ನೊಂದ್ಸಲ ಹೀಗೆ ಮಾಡಿದ್ರೆ ಮಗು ಉಳಿಯೋದು ಕಷ್ಟ," ಎಂದರು.

ಇನ್ನಾದರೂ ನಂಬುತ್ತಾರೆ ಎಂದುಕೊಂಡೆ. ಮನೆಗೆ ಬಂದರೆ ಸುಶೀಲತ್ತೆ ಚಾಪೆ ತೊಳೆದು ಹರವಿ, ಮುಖ ದಪ್ಪ ಮಾಡಿಕೊಂಡು ಕೂತಿದ್ದರು. ಕೂತವರು ಹೇಳಿದ್ದೇನು ಗೊತ್ತೆ? "ಹೇಳಿದ್ದೇ ತಪ್ಪಾಯ್ತು ನೋಡು. ನಾನು ಬಾಯ್ಮುಚ್ಕೊಂಡು ಇದ್ದಿದ್ರೆ ಏನೂ ಆಗ್ತಿರ್ಲಿಲ್ಲ. ಹಾಲು ಅಂತ ಕಿವಿಗೆ ಬಿದ್ದ ತಕ್ಷಣ ಹೆದರ್ಕೊಂಡು ಮೈಗೆ ಬರಿಸ್ಕೊಂಡ್ಲು."

ಈ ಮಾತಿಗೆ ನೀವಾದರೂ ಉತ್ತರ ಕೊಡಿ, ನೋಡೋಣ. ಕುಡಿಯಲ್ಲ ಎಂದರೆ ನಾಟಕ, ಕುಡಿದು ಊದಿಕೊಂಡರೂ ನಾಟಕ. ಸತ್ತಿದ್ದರೆ ನಂಬುತ್ತಿದ್ದರೇನೋ, ಅದನ್ನೂ ಗಟ್ಟಿಯಾಗಿ ಹೇಳಲಾರೆ. ಅಪ್ಪ ಪೇಪರು ಬಿಡಿಸಿ, "ಹೋಗ್ಲಿ ಬಿಡು, ಒಳ್ಳೇದಕ್ಕೇ ಮಾಡಿರ್ತಾಳೆ," ಎಂದರು. ಒಳ್ಳೆಯದಕ್ಕೆ! ನನಗೆ ಈಗಲೂ ಆ ಪೇಪರನ್ನು ಕಿತ್ತುಕೊಂಡು ಹರಿಯಬೇಕೆನಿಸುತ್ತದೆ. ಮಾರನೆಯ ದಿನದಿಂದ ಶಾಲೆಯಲ್ಲಿ ನನ್ನ ಹೆಸರು 'ವಾಂತಿ' ಎಂದಾಯಿತು.

ಅದಾಗಿ ಕೆಲವು ದಿನ ಕಳೆದಿತ್ತು. ಒಂದು ಶನಿವಾರ ಅಮ್ಮ ಎದ್ದು ತಲೆಗೆ ನೀರು ಹಾಕಿಕೊಂಡಳು. ಒದ್ದೆ ಸೀರೆ ಉಟ್ಟಳು. ಓವನ್ನನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು ಒಲೆಯ ಪಕ್ಕ ಇಟ್ಟು ಬಾಳೆಹಣ್ಣು ಹಿಸುಕತೊಡಗಿದಳು. ಸುಶೀಲತ್ತೆ ಎಂದಿನಂತೆ ಬಂದವರು ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟರು.

"ಇದೇನೇ ಇದು, ಹಬ್ಬ ಇಲ್ಲ ಹುಣ್ಣಿಮೆ ಇಲ್ಲ, ಮಡಿ ಉಟ್ಟಿದೀಯ?"

"ಹೂಂ ಅತ್ತಿಗೆ. ಒಳಗೆ ಬರ್ಬೇಡಿ. ಹೊಸ್ಲಾಚೆ ನಿಂತ್ಕೊಳ್ಳಿ."

"ಈ ತೂತಿನ ಬನ್ನಿಗೆಂಥ ಮಡಿಯೇ!"

"ಅಡುಗೆಗೆ ಇನ್ನೊಬ್ರ ಕೈ ಸೋಕಬಾರ್ದು ಅಂತ ನೀವೇ ಹೇಳ್ಕೊಟ್ಟಿದ್ದಲ್ವಾ? ಇವತ್ತು ಕೈಯೂ ಸೋಕಬಾರ್ದು, ಹಾಲೂ ಸೋಕಬಾರ್ದು."

"ಹಾಲಿಗೆಲ್ಲಾದ್ರೂ ಮೈಲಿಗೆ ಉಂಟೇನೇ ಸರಸು?"

ಅಮ್ಮ ಅವರ ಮುಖವನ್ನೇ ನೋಡಿ, "ನಮ್ಮನೇಲಿ ಉಂಟು," ಎಂದಳು.

ಅಷ್ಟೆ ನೋಡಿ. ಡಾಕ್ಟರ ಮಾತು ಮಾಡದ ಕೆಲಸವನ್ನು, ನನ್ನ ಊದಿದ ಮುಖ ಮಾಡದ ಕೆಲಸವನ್ನು ಒಂದು ಒದ್ದೆ ಸೀರೆ ಮಾಡಿತು. ಮಡಿಯನ್ನು ಮೀರುವುದು ಸುಶೀಲತ್ತೆಯಿಂದ ಸಾಧ್ಯವಿರಲಿಲ್ಲ. ಅಲ್ಲಿಂದ ಮುಂದೆ ಅಮ್ಮ ಡೋನಟ್ಟು ಮಾಡಿದಾಗಲೆಲ್ಲ ಅವರು ಹೊಸ್ತಿಲಾಚೆ ಮಣೆ ಹಾಕಿಕೊಂಡು ಕೂತು, "ಸೋಡ ಜಾಸ್ತಿ ಆಯ್ತು," "ಇನ್ನೂ ಕೆಂಪಗಾಗ್ಲಿ," ಎಂದು ಅಲ್ಲಿಂದಲೇ ಹೇಳುತ್ತಿದ್ದರು. ಈಗ ನೆನೆದರೆ ನಗು ಬರುತ್ತದೆ, ನಗುತ್ತಲೇ ಹೊಟ್ಟೆ ಉರಿಯುತ್ತದೆ. ಮಗು ಹೇಳ್ತಿದೆ, ನಂಬಿ ಎಂಬ ಒಂದು ಮಾತಿನಲ್ಲಿ ಮುಗಿಯಬೇಕಾದ್ದಕ್ಕೆ ಅಮ್ಮ ಮಾರ್ಗಶಿರದ ಚಳಿಯಲ್ಲಿ ಒದ್ದೆ ಸೀರೆಯಲ್ಲಿ ನಡುಗುತ್ತ, ಸೀನುತ್ತ ನಿಲ್ಲಬೇಕಾಯಿತಲ್ಲ! ತನಗೆ ಕಂಡರಾಗದ ಮಡಿಯನ್ನು ನನಗಾಗಿ ಮೈಮೇಲೆ ಎಳೆದುಕೊಂಡಳು. ಈಗ ಅಮ್ಮನೂ ಇಲ್ಲ, ಸುಶೀಲತ್ತೆಯೂ ಇಲ್ಲ. ಅತ್ತೆ ಇರುವಷ್ಟು ಕಾಲವೂ ನಾನು ಮದುವೆ ಮುಂಜಿಗಳಲ್ಲಿ ಅವರಿಗೊಂದು ನಮಸ್ಕಾರ ಹಾಕಿ ಆಚೆ ಹೋಗುತ್ತಿದ್ದೆ. ಅವರು ಒಂದು ದಿನವೂ ತಪ್ಪಾಯಿತು ಎನ್ನಲಿಲ್ಲ.

ಹೀಗಿರುವಾಗ ಸುಶೀಲಜ್ಜಿಯ ಕೈರುಚಿ ಎಂಬ ಡಬ್ಬಿ ಮನೆಗೆ ಬಂದರೆ ಸಿಟ್ಟು ಬಾರದೆ ಇನ್ನೇನು ಬರುತ್ತದೆ? ಶ್ರಾವ್ಯಳನ್ನು ಕೇಳಿಯೇಬಿಟ್ಟೆ. "ಇದನ್ನ ನಿಮ್ಮಜ್ಜಿ ಮಾಡ್ತಿದ್ರಾ?"

"ಹೂಂ ಆಂಟಿ, ನಂಗೋಸ್ಕರಾನೇ ಮಾಡ್ತಿದ್ರು. ನಂಗೂ ಚಿಕ್ಕವಳಿದ್ದಾಗಿಂದ ಹಾಲು ಆಗಲ್ಲ. ಅಜ್ಜಿ ಎಷ್ಟು ಸ್ಟ್ರಿಕ್ಟ್ ಗೊತ್ತಾ? ಸ್ನಾನ ಮಾಡಿ, ಒದ್ದೆ ಸೀರೆ ಉಟ್ಕೊಂಡು ಮಾಡೋರು. ನಮ್ಮಮ್ಮನ್ನೂ ಅಡುಗೆಮನೆ ಒಳಗೆ ಬಿಡ್ತಿರ್ಲಿಲ್ಲ. ಇದು ಮಡಿಯಲ್ಲೇ ಆಗ್ಬೇಕು, ಹಾಲು ಸೋಕಿದ್ರೆ ಮೈಲಿಗೆ ಅನ್ನೋರು."

ಹಾಗಾದರೆ ಗೊತ್ತಿತ್ತು. ಅವರು ನಂಬಿದ್ದರು. ಮೊಮ್ಮಗಳ ತುಟಿ ಊದಿದಾಗ ಅದು ಮನಸ್ಸಿನದಾಗಲಿಲ್ಲ, ನಾಟಕವಾಗಲಿಲ್ಲ. ಹೊಸ್ತಿಲಾಚೆ ಕೂತು ನೋಡಿದ್ದನ್ನೆಲ್ಲ ಕಲಿತು, ಅಮ್ಮನ ಮಾತನ್ನು ಅಕ್ಷರ ಬಿಡದೆ ನೆನಪಿಟ್ಟುಕೊಂಡು, ಈ ಹುಡುಗಿಯನ್ನು ಕಾಪಾಡಿದ್ದರು. ನನ್ನ ಹತ್ತಿರ ಒಂದು ಮಾತು ಹೇಳಲು ಮಾತ್ರ ಅವರಿಗೆ ಬಾಯಿ ಬರಲಿಲ್ಲ. ಅಷ್ಟು ಕೋಪ ನನಗೆ ಆ ಹುಟ್ಟುಹಬ್ಬದ ದಿನವೂ ಬಂದಿರಲಿಲ್ಲ.

"ಆ ಮಡಿ ನಿಮ್ಮಜ್ಜೀದಲ್ಲ ಕಣೇ, ನಮ್ಮಮ್ಮಂದು!" ಎಂದು ಕಿರುಚಿದೆ. ಆಮೇಲೆ ಎಲ್ಲವನ್ನೂ ಹೇಳಿದೆ, ಬಟ್ಟಲು, ಚಾಪೆ, ಪೇಪರು, ಯಾವುದನ್ನೂ ಬಿಡದೆ. ಅಜ್ಜಿಯ ಪರ ವಹಿಸುತ್ತಾಳೆ, ಇಲ್ಲವೇ ಎದ್ದು ಹೋಗುತ್ತಾಳೆ ಎಂದುಕೊಂಡಿದ್ದೆ. ಅವಳು ಎರಡೂ ಮಾಡಲಿಲ್ಲ. "ನಿಮಗೆ ಮೊದ್ಲು ಎಲ್ಲಿಂದ ಶುರುವಾಗುತ್ತೆ ಆಂಟಿ? ನಂಗೆ ಕಿವಿ ಒಳಗೆ ತುರಿಸುತ್ತೆ," ಎಂದಳು.

ಇಷ್ಟು ವರ್ಷದಲ್ಲಿ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. "ನಂಗೂ ಕಿವೀನೇ," ಎಂದೆ. ಕಣ್ಣಲ್ಲಿ ನೀರು ಬಂತು, ಅದಕ್ಕೂ ಸಿಟ್ಟು ಬಂತು.

ಅವಳೇ ಡಬ್ಬಿಯ ಚೀಟಿಯನ್ನು ತಿರುಗಿಸಿ ನೋಡಿ, "ಮುಂದಿನ ಸಲ ಅಚ್ಚು ಹಾಕ್ಸೋವಾಗ ಬದಲಾಯಿಸ್ತೀನಿ. ನಿಮ್ಮಮ್ಮನ ಹೆಸರು ಸರಸ್ವತಿ ಅಲ್ವಾ?" ಎಂದಳು. ಆಮೇಲೆ ತಲೆ ತಗ್ಗಿಸಿಕೊಂಡು ಕೇಳಿದಳು. "ನಮ್ಮಜ್ಜಿ ಹೆಸರು ಪೂರ್ತಿ ತೆಗೀಲೇಬೇಕಾ ಆಂಟಿ? ನಂಗೆ ಎಲ್ಲಾ ಅವ್ರೇ ಅಲ್ವಾ ಮಾಡಿದ್ದು?"

ತೆಗಿ ಎಂದು ಬಾಯಿಯವರೆಗೂ ಬಂದಿತ್ತು. ಹುಡುಗಿಯ ಮುಖ ನೋಡಿದೆ. ನನ್ನ ಅಮ್ಮನನ್ನು ಯಾರಾದರೂ ಹಾಗೆ ತೆಗೆದುಹಾಕು ಎಂದಿದ್ದರೆ ನಾನು ಎಷ್ಟು ರಂಪ ಮಾಡುತ್ತಿದ್ದೆನೋ. ಡಬ್ಬಿಯಿಂದ ಒಂದು ಡೋನಟ್ಟು ತೆಗೆದು ಬೆರಳಿಗೆ ಸಿಕ್ಕಿಸಿಕೊಂಡೆ, ಒಂದು ಸುತ್ತು ತಿರುಗಿಸಿದೆ, ಕಚ್ಚಿದೆ. ಅಮ್ಮ ಮಾಡಿದ ಹಾಗೇ ಇತ್ತು. ಇನ್ನೊಂದನ್ನು ಅವಳ ಕೈಗೆ ಕೊಟ್ಟೆ. ಒಂದೇ ಥರದ ಎರಡು ತಟ್ಟೆ ತಂದಿಟ್ಟು, ಇಬ್ಬರೂ ಒಂದೇ ತಿಂಡಿಯನ್ನು ಜೊತೆಗೆ ಕೂತು ತಿಂದೆವು.

"ಬಳ್ಳಿ ಅಂಚಿನ ಒಳಗೆ ನಮ್ಮಮ್ಮನ ಹೆಸರು ಹಾಕು," ಎಂದೆ. "ನಿಮ್ಮಜ್ಜಿ ಹೆಸರೂ ಇರ್ಲಿ. ಆದ್ರೆ ಅಂಚಿನ ಹೊರಗಡೆ, ಕೆಳಗೆ. ಹೊಸ್ಲಾಚೆ ನಿಂತ್ಕೊಳ್ಲಿ."