ಶಾಖ ನೋಡುವ ಸೌಮ್ಯಾ
ಘಾಟ್ಕೋಪರಿನ ಬಿಲ್ಡಿಂಗಿಗೆ ಬಾಡಿಗೆಗೆ ಬಂದ ದಿನವೇ ಸೌಮ್ಯಾ, ನೆರೆಮನೆಯ ಸಿದ್ದರಾಮಪ್ಪ ಮಾಸ್ತರರು ತಂದ ಉಪ್ಪಿಟ್ಟಿನ ಡಬ್ಬಿಗೆ ಅಂಗೈ ಹಿಡಿದು, "ಮಾಡಿ ಅರ್ಧ ತಾಸಾಗೇತ್ರಿ" ಎಂದಳು. ಕಣ್ಣಿಗೆ ಕಾಣದ, ಶಾಖವಾಗಿ ತಿಳಿಯುವ ಅವಗೆಂಪು ಕಿರಣಗಳಿಂದ, ಒಂದರ ಅನಿಲವನ್ನು ಇನ್ನೊಂದು ಹೀರುವ 'ಸಹಜೀವಿ' ಜೋಡಿನಕ್ಷತ್ರಗಳ ಸುತ್ತಲಿನ ಧೂಳನ್ನು ಅಳೆಯುವುದು ಅವಳ ಸಂಶೋಧನೆ. ಆ ಹುರುಪಿನಲ್ಲಿ ಚಹಾದ ಕಪ್ಪು, ಲಿಫ್ಟಿನ ಮೋಟಾರು, ಮಾಸ್ತರರ ಬೋಳುತಲೆ, ಯಾವುದನ್ನೂ ಅಂಗೈ ಹಿಡಿದು ನೋಡದೆ ಬಿಡುತ್ತಿರಲಿಲ್ಲ. "ತಂಗೀ, ಇದು ಪೆನ್ಶನ್ ತಲಿ, ನಕ್ಷತ್ರಲ್ಲ" ಎಂದು ಅವರು ನಗುತ್ತಿದ್ದರು. ಅವಳು ಅಳೆಯುತ್ತಿದ್ದ ಜೋಡಿಯಲ್ಲಿನ ಕೆಂಪು ದೈತ್ಯ ನಕ್ಷತ್ರ ಮೂರು ವರ್ಷ ಮಂಕಾಗಿ, ಬೇರೆ ವಿಷಯ ಹಿಡಿಯೆಂದು ಗೈಡ್ ಹೇಳಿದ ಸಂಜೆ ಮಾತ್ರ ಅವಳು ಮಾಸ್ತರರೆದುರು ಅತ್ತಳು: "ಬೆಳಕು ಕಾಣವಲ್ದು, ಆದ್ರ ಶಾಖ ಬರಾಕತ್ತೈತ್ರಿ, ಧೂಳು ಮುಚ್ಚೈತಿ, ಅಷ್ಟ." ಅಳತೆ ನಿಲ್ಲಿಸಲಿಲ್ಲ. ಹೋದ ತಿಂಗಳು ಧೂಳು ತೆಳುವಾಗಿ ನಕ್ಷತ್ರ ಮತ್ತೆ ಬೆಳಗಿತು. ಈಗ ಅವಳು ಬೆಳಗಿನ ಮೆಟ್ರೊದಲ್ಲಿ ಅಂಧೇರಿಯವರೆಗೂ ಮೊಬೈಲಿನಲ್ಲೇ ಆ ನಕ್ಷತ್ರದ ಕುರಿತ ಪ್ರಬಂಧ ಬರೆಯುತ್ತಾಳೆ. ಬರೆಯುವ ಗುಂಗಿನಲ್ಲಿ ಸೀಟು ಖಾಲಿಯಾದರೂ ಕೂರುವುದಿಲ್ಲ.