ಕಂಬಳಿ ಗದ್ದುಗೆ ಮತ್ತು ಕಡಲ ಬಂಡೆ

ಗಡಹಿಂಗ್ಲಜದ ಕಡೆಯ ನಮ್ಮೂರಿನಲ್ಲಿ ಕಂಬಳಿ ನೇಯುವ ಸಿದ್ದರಾಯನನ್ನು ಅರಿಯದವರಿಲ್ಲ. ಮಗ್ಗದ ಕುಣಿಯೊಳಗೆ ಕಾಲಿಳಿಬಿಟ್ಟು ಕೂತನೆಂದರೆ ಊರಿಗೆ ಕಾಣುವುದು ಸೊಂಟದ ಮೇಲಿನ ಸಿದ್ದರಾಯ ಮಾತ್ರ. ಹುಣಸೆಬೀಜದ ಗಂಜಿ ಕುಡಿಸಿ ಅವನು ನೇಯ್ದ ಕಂಬಳಿ ಹೊದ್ದರೆ ಎಂಥ ಮಳೆಯೂ ಮೈಗೆ ತಾಗದು. ಇಷ್ಟು ಗುಣ ಕೊಟ್ಟ ದೇವರು ಜೊತೆಗೆ ಒಂದು ಹುಳವನ್ನೂ ಬಿಟ್ಟಿದ್ದ. ಅದು ಅಣ್ಣ ಕಾಡಸಿದ್ದನ ಮೇಲಿನ ಹೊಟ್ಟೆಕಿಚ್ಚು.

ಇಬ್ಬರೂ ಹುಡುಗರಿದ್ದಾಗಲೇ ಅವರಪ್ಪ ಹಿರಿಯನ ಕೈಗೆ ಕುರಿ ಕಾಯುವ ಕೋಲು, ಕಿರಿಯನ ಕೈಗೆ ಲಾಳಿ ಕೊಟ್ಟು ಬದುಕು ಹಂಚಿಬಿಟ್ಟ. ದೀಪಾವಳಿ ಕಳೆಯಿತೆಂದರೆ ಕಾಡಸಿದ್ದ ಹಿಂಡು ಹೊಡೆದುಕೊಂಡು ಘಟ್ಟ ಇಳಿಯುತ್ತಿದ್ದ. ಕೊಂಕಣದವರ ಭತ್ತ ಕೊಯ್ದ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿ ನಿಲ್ಲಿಸಿ, ಮಳೆಗಾಲಕ್ಕೆ ಮುಂಚೆ ಮರಳುತ್ತಿದ್ದ. ಅವನು ಕಂಡದ್ದು ಕಡಲು, ಇವನು ಕಂಡದ್ದು ಕುಣಿ.

ಇದನ್ನಾದರೂ ಸಿದ್ದರಾಯ ನುಂಗಿಕೊಂಡಿದ್ದ. ನುಂಗಲು ಆಗದ್ದು ಗದ್ದುಗೆ. ಘಟ್ಟ ಇಳಿದು ಸುಖವಾಗಿ ಮರಳಿದವನನ್ನು ಹೊಸ ಕಂಬಳಿಯ ಮೇಲೆ ಕೂರಿಸಿ, ಹಣೆಗೆ ಭಂಡಾರದ ಅರಿಶಿನ ಹಚ್ಚುವುದು ನಮ್ಮ ಹಾಲುಮತದವರ ಓಣಿಯ ರೂಢಿ. ಅವನು ಕಂಡದ್ದನ್ನೆಲ್ಲ ಹೇಳಿ ಮುಗಿಸುವವರೆಗೆ ಯಾರೂ ಉಣ್ಣುವಂತಿಲ್ಲ. ಕಂಬಳಿ ಸಿದ್ದರಾಯನದು, ಅದರ ಮೇಲೆ ಕೂರುವವನು ಕಾಡಸಿದ್ದ. ಅವನು ಹೇಳುತ್ತಿದ್ದುದು ಪ್ರತಿ ವರ್ಷ ಒಂದೇ ಕಥೆ: ಕಡಲಿನ ದಂಡೆಯಲ್ಲಿ ಗೋಡೆಯಂತೆ ನಿಂತ ಬಂಡೆ, ಅದಕ್ಕಿರುವ ಕಪ್ಪು-ಕೆಂಪು ಪಟ್ಟಿ. ಆದರೂ ಓಣಿ ಬಾಯಿ ತೆರೆದು ಕೇಳುತ್ತಿತ್ತು.

ಬಂಡೆಯ ಮಾತು ಸುರುವಾದೊಡನೆ ಸಿದ್ದರಾಯ ಏಳುತ್ತಿದ್ದ.

“ಕುಣ್ಯಾಗ ಲಾಳಿ ಬಿಟ್ಟ ಬಂದೇನಿ, ನೋಡಿ ಬರ್ತೇನಿ.”

“ಲಾಳಿಗೇನ ಕಾಲ ಮೂಡ್ಯಾವೇನ್ರಿ ಓಡಿ ಹೋಗಾಕ?” ಎಂದು ಹೆಂಡತಿ ತಾರವ್ವ ಎಲ್ಲರೆದುರಿಗೇ ಕೇಳುತ್ತಿದ್ದಳು.

ಈಗ ಕಾಡಸಿದ್ದನ ಮೊಣಕಾಲು ಕೈಕೊಟ್ಟು ಹಿಂಡು ಮಗ ಯಲ್ಲೇಶನ ಪಾಲಾಗಿದೆ. ಮಗಳು ಮನೀಷಾ ಇಚಲಕರಂಜಿಯ ಶಹಾಪುರದಲ್ಲಿ ಭೂಗೋಳ ಕಲಿಸುವ ಶಿಕ್ಷಕಿ. ಹೋದ ಮಾಘದಲ್ಲಿ ಅವಳು ಕಾರು ತಂದು, ಮಕ್ಕಳಿಗೆ ತೋರಿಸಲು ಆ ಬಂಡೆಯ ಫೋಟೋ ಬೇಕು, ಅಪ್ಪ ಬಂದು ದಾರಿ ತೋರಿಸಲಿ ಎಂದಳು. ಸಿದ್ದರಾಯ ಕುಣಿಯಿಂದ ಎದ್ದೇಬಿಟ್ಟ.

“ನಾನೂ ಬರಾಂವ.”

“ಕಾಕಾ, ನಿಮ್ಮ ಮಗ್ಗದಾಗ ಅರ್ಧ ಕಂಬಳಿ ಐತೆಲ್ಲರಿ.”

“ಇರವಲ್ದ್ಯಾಕ. ಅದಕ್ಕೇನ ಹಸಿವ್ಯೇನ ನೀರಡಿಕ್ಯೇನ.”

ಹೊರಡುವ ಮುಂಚೆ ತಾರವ್ವನನ್ನು ಪಕ್ಕಕ್ಕೆ ಕರೆದು ಕೇಳಿದ: “ಕಾರಿನ್ಯಾಗ ಹೋಗಿ ಬಂದ್ರೂ ಗದ್ದಿಗಿ ಹಾಸ್ತಾರಿಲ್ಲೋ?”

“ಹಾಸ್ತೇನಿ, ಹೋಗ್ರಿ,” ಎಂದಳು ಅವಳು. ಗಂಡನ ಆಸೆ ಅವಳಿಗೆ ಎಂದೋ ಗೊತ್ತಿತ್ತು.

ಮೂವರೂ ಫೋಂಡಾ ಘಟ್ಟ ಇಳಿದು ದೇವಗಡದ ಆಚೆ ಹೋದರು. ನೀರು ಹಿಂದೆ ಸರಿದ ಹೊತ್ತು. ಕಾಡಸಿದ್ದ ಕುರಿ ತರುಬುತ್ತಿದ್ದ ಗದ್ದೆಗಳ ಧಣಿ ಭಾವುಸಾಹೇಬ ದಂಡೆಗೇ ಬಂದಿದ್ದ. ಸಿದ್ದರಾಯನನ್ನು ಕಂಡು ಅವನ ಮುಖ ಅರಳಿತು.

“ಹೇಚ್ ಕಾ ತುಮ್ಚೆ ಘೋಂಗಡೀವಾಲೆ ಭಾವೂ?”

ಕಂಬಳಿ ನೇಯುವ ನಿಮ್ಮ ತಮ್ಮ ಇವರೇ ಏನು ಎಂದು ಕಾಡಸಿದ್ದನನ್ನು ಮರಾಠಿಯಲ್ಲಿ ಕೇಳಿದ್ದ. ನಂತರ ಅವನೇ ಹೇಳಿದ: ಕಾಡಸಿದ್ದ ಬಂದಾಗಲೆಲ್ಲ ಹೆಗಲ ಕಂಬಳಿಯನ್ನು ಬಂಡೆಯ ಮುಂದೆ ಮರಳಿನ ಮೇಲೆ ಹಾಸಿ, ನನ್ನ ತಮ್ಮ ನೇಯುವುದೂ ಹೀಗೇ ನೋಡಿರಿ ಎಂದು ಬಂದವರಿಗೆಲ್ಲ ತೋರಿಸುತ್ತಿದ್ದನಂತೆ.

ಬೇರೆಯವನಾಗಿದ್ದರೆ ಕರಗುತ್ತಿದ್ದ. ಸಿದ್ದರಾಯನಿಗೆ ಮೈ ಉರಿಯಿತು.

“ನನ್ನ ಕೇಳದ ನನ್ನ ಕಂಬಳಿ ಊರಮಂದಿಗೆ ತೋರಿಸಿ ನೀ ಶಾಣ್ಯಾ ಆದ್ಯಾ? ಒಂದ ದಿನಾನೂ ನನಗ ಹೇಳಲಿಲ್ಲ?”

“ಗದ್ದಿಗಿ ಮ್ಯಾಲ ಕುಂತ ವರ್ಷಾ ವರ್ಷಾ ಹೇಳೇನಿ,” ಎಂದ ಕಾಡಸಿದ್ದ. “ನೀ ಲಾಳಿ ಹುಡುಕಾಕ ಹೋಗಿರ್ತಿದ್ದಿ.”

ಮನೀಷಾ ನಗು ತಡೆದುಕೊಂಡು ಬಂಡೆಯ ಹತ್ತಿರ ಹೋದಳು. ಅಡಿಯಲ್ಲಿ ಕಪ್ಪು ಕಲ್ಲು, ಅದರ ಮೇಲೆ ಇಟ್ಟಿಗೆ ಬಣ್ಣದ ಪಟ್ಟಿ, ಮೇಲೆ ಮತ್ತೆ ಕಪ್ಪು.

“ಇದೆಲ್ಲಾ ನೆಲದಾಗಿಂದ ಹರದ ಬಂದ ಬೆಂಕಿ, ಕಾಕಾ. ಕೆಳಗಿಂದು ಮೊದಲ ಹರದು ಆರಿ ಕಲ್ಲಾತು. ಅದರ ಮೈ ಮಳಿಗಾಳಿಗೆ ಸವದು ಸವದು ಮಣ್ಣಾತು. ಮತ್ತ ಬೆಂಕಿ ಹರದಾಗ ಆ ಮಣ್ಣು ಸುಟ್ಟು ಹಿಂಗ ಕೆಂಪಾಗಿ ನಡಕ ಸಿಕ್ಕೊಂಡೈತಿ.”

“ಎಷ್ಟ ವರ್ಷ ಆತು?”

“ಆರ ಕೋಟಿಗಿಂತ ಹೆಚ್ಚ.”

“ನಿಮ್ಮಪ್ಪ ತಾನಽ ನಿಂತ ಕಟ್ಟಿಸಿದಂಗ ಹೇಳ್ತಿದ್ದನಲ್ಲ.”

ಹೀಗೆ ಚುಚ್ಚಿದನಾದರೂ ಅವನ ಕಣ್ಣು ಆ ಪಟ್ಟಿಯನ್ನು ಬಿಟ್ಟಿರಲಿಲ್ಲ. ಮೊದಲ ಎಳೆ ಕೆಳಗೆ, ಕಡೆಯ ಎಳೆ ಮೇಲೆ. ಆ ಲೆಕ್ಕ ಅವನಿಗೆ ಹೊಸದಲ್ಲ. ನೇಯ್ದ ಅಂಚನ್ನು ಪರೀಕ್ಷಿಸುವಂತೆ ಹೆಬ್ಬೆರಳಿನಿಂದ ಕೆಂಪು ಪಟ್ಟಿಯನ್ನು ಉಜ್ಜುತ್ತಾ ನೀರಿನ ಅಂಚಿನವರೆಗೆ ನಡೆದ. ಎಲ್ಲಿಯೂ ಸೊಟ್ಟಗಿರಲಿಲ್ಲ.

“ಅವಸರ ಮಾಡಿಲ್ಲ ಇದನ್ನ ನೇಯ್ದಾಂವ,” ಎಂದ. ಮರಳುವ ದಾರಿಯುದ್ದಕ್ಕೂ ಹೆಬ್ಬೆರಳಿಗೆ ಹತ್ತಿದ ಕೆಂಪನ್ನು ಒರೆಸಲಿಲ್ಲ.

ಮರುದಿನ ಸಂಜೆ ತಾರವ್ವ ಗದ್ದುಗೆ ಹಾಸಿದಳು. ಕಾಡಸಿದ್ದ ರೂಢಿಯಂತೆ ಮುಂದೆ ಬಂದವನು, ತಾರವ್ವ ತನ್ನ ಗಂಡನ ಕಡೆ ಕೈಮಾಡಿದ್ದನ್ನು ಕಂಡು ನಿಂತ. ಸಿದ್ದರಾಯ ಕೂತ. ಹಣೆಗೆ ಭಂಡಾರ ಬಿತ್ತು.

“ಕಡಲಿನ ದಂಡ್ಯಾಗ ಒಂದ ಬಂಡಿಗಲ್ಲ ಐತಿ,” ಎಂದು ಸುರುಮಾಡಿದ.

ಕಾಡಸಿದ್ದ ಬಾಗಿಲ ಕಡೆ ಹೊರಟ. “ಹಟ್ಟಿಗೆ ಹೋಗಿ ಕುರಿ ನೋಡಿ ಬರ್ತೇನಿ.”

ಹಟ್ಟಿಯಲ್ಲಿ ಒಂದು ಕುರಿಯೂ ಇರಲಿಲ್ಲ. ಹಿಂಡೆಲ್ಲ ಯಲ್ಲೇಶನ ಜೊತೆ ಇನ್ನೂ ಘಟ್ಟದ ಕೆಳಗಿತ್ತು. ಸಿದ್ದರಾಯನಿಗೆ ಅರ್ಥವಾಯಿತು. ಅಣ್ಣನ ಬೆನ್ನು ಬಾಗಿಲು ಮುಟ್ಟುವವರೆಗೂ ನೋಡಿದ. ಆ ಗಳಿಗೆ ಅವನಿಗೆ ಬೆಲ್ಲದಂತೆ ಸಿಹಿಯಾಗಿತ್ತು. ಆಮೇಲೆ ದನಿ ಏರಿಸಿ ಹೇಳಿದ:

“ನಡಕಿನ ಕೆಂಪ ಪಟ್ಟಿ ಒಂದ ಮೊಳ ದಪ್ಪ.”

ಕಾಡಸಿದ್ದ ಹೊಸ್ತಿಲಲ್ಲೇ ತಿರುಗಿದ. “ಎರಡ ಮೊಳ.”

“ನಾ ಕೈಮುಟ್ಟಿ ನೋಡೇನಿ.”

“ನಾ ನಲವತ್ತ ವರ್ಷ ನೋಡೇನಿ. ನೀ ನೋಡಿದ್ದು ಒಂದ ತುದಿ.”

ಸಿದ್ದರಾಯ ಪಕ್ಕಕ್ಕೆ ಸರಿದು, ಖಾಲಿ ಉಳಿದ ಕಂಬಳಿಯ ಮೇಲೆ ಅಂಗೈ ಬಡಿದ. ಕಾಡಸಿದ್ದ ಮೊಣಕಾಲು ಹಿಡಿದುಕೊಂಡು ಬಂದು ಕೂತ. ಒಂದು ಮೊಳವೋ ಎರಡು ಮೊಳವೋ ತೀರ್ಮಾನವಾಗಲಿಲ್ಲ.

“ಲಗು ಮುಗಸ್ರಿ ಇಬ್ರೂ, ಹಸದ ಕುಂತೈತಿ ಮಂದಿ,” ಎಂದಳು ತಾರವ್ವ.

ಬೆಳಗ್ಗೆ ಅವಳು ಎದ್ದು ನೋಡಿದರೆ ಸಿದ್ದರಾಯ ಕುಣಿಯಲ್ಲಿ ಕೂತು, ಅರ್ಧ ಕಂಬಳಿಯ ಎಳೆ ಬಿಚ್ಚುತ್ತಿದ್ದ.

“ಯಾಕ್ರಿ? ಅಂಚು ಭಾಳ ಛಲೋ ಇತ್ತಲ್ಲ.”

“ಆ ಬಂಡಿಗಲ್ಲಿನ ಪಟ್ಟಿ ನೋಡಿದ್ರ ನೀ ಹಂಗ ಅಂತಿದ್ದಿಲ್ಲ,” ಎಂದ ಅವನು, ತಲೆ ಎತ್ತದೆ.