ಮೂರು ಅಂಟು, ಒಂದು ಮೊಣಕಾಲು

ಕೊರೋನಾ ಬಂದು ಎಲ್ಲ ಮುಚ್ಚುವುದಕ್ಕೆ ಹಿಂದಿನ ವರ್ಷ, ಅಥವಾ ಅದಕ್ಕೂ ಹಿಂದಿನ ವರ್ಷ. ನಾನು ಚಿತ್ರದುರ್ಗದಲ್ಲಿ ಕೃತಕ ಕಾಲು ತಯಾರಿಸುವ ಸಣ್ಣ ಘಟಕವೊಂದರಲ್ಲಿ ಹಿರಿಯ ಟೆಕ್ನಿಷಿಯನ್ ಆಗಿದ್ದೆ. ಆಸ್ಪತ್ರೆಯ ಹಿಂಬದಿಯಲ್ಲಿ ತಗಡಿನ ಸೂರಿನ ಎರಡು ಕೋಣೆ, ಒಂದು ಹೊಲಿಗೆ ಯಂತ್ರ, ಒಂದು ಓವನ್. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಗೆ ಸರದಿಯ ಮೇಲೆ ಹೋಗಿ ಕಾಲಿನ ಅಳತೆ ತರುತ್ತಿದ್ದೆವು. ಈ ಪ್ರಕರಣವನ್ನು ತರಬೇತಿಗಳಲ್ಲಿ ಹಲವು ಸಲ ಹೇಳಿದ್ದೇನೆ. ಹೇಳಿದಷ್ಟೂ ಕಥೆ ನಯವಾಗಿದೆ, ಅದರಲ್ಲಿ ನನ್ನ ಪಾಲು ಕಿರಿದಾಗಿದೆ. ಅದಕ್ಕೇ ಈಗ ಬರೆಯುವಾಗ ಅಂದಿನ ಕೆಲಸದ ಪುಸ್ತಕವನ್ನು ಪಕ್ಕದಲ್ಲಿ ಇಟ್ಟುಕೊಂಡಿದ್ದೇನೆ. ಪುಸ್ತಕವೂ ಪೂರ್ತಿ ನಿಜ ಹೇಳುವುದಿಲ್ಲ. ಆ ವಿಷಯ ಕೊನೆಗೆ ಬರುತ್ತದೆ.

ಸಣ್ಣೀರಪ್ಪ ಹಿರೇಗುಂಟನೂರು ಕಡೆಯ ಕುರಿಗಾರ, ಐವತ್ತರ ಆಸುಪಾಸು. ಕುರಿ ಹೊಡೆದುಕೊಂಡು ಹೆದ್ದಾರಿ ದಾಟುವಾಗ ಲಾರಿ ಬಡಿದು ಎಡಗಾಲು ಮೊಣಕಾಲಿನ ಕೆಳಗೆ ಹೋಗಿತ್ತು. ಸಕ್ಕರೆ ಕಾಯಿಲೆ ಇರುವುದು ಆಸ್ಪತ್ರೆಗೆ ಬಂದಮೇಲೆ ಗೊತ್ತಾಯಿತು. ಮೊಣಕಾಲು ಮಾತ್ರ ಉಳಿದಿತ್ತು. ನಮ್ಮ ಕೆಲಸದಲ್ಲಿ ಇದು ಸಣ್ಣ ಮಾತಲ್ಲ. ಮೊಣಕಾಲಿದ್ದವನು ಕೃತಕ ಕಾಲು ಹಾಕಿಕೊಂಡು ದಿಬ್ಬ ಹತ್ತಬಲ್ಲ, ಕುರಿಯ ಹಿಂದೆ ಅರ್ಧ ದಿನ ನಡೆಯಬಲ್ಲ. ಅದೂ ಹೋದವನಿಗೆ ಸಮನಾದ ನೆಲವೇ ಸಾಹಸ.

ಉಳಿದ ಕಾಲಿನ ತುದಿಗೆ ಸ್ಟಂಪ್ ಎನ್ನುತ್ತೇವೆ, ಅದು ಕೂರುವ ಗಟ್ಟಿ ಬಟ್ಟಲಿಗೆ ಸಾಕೆಟ್. ಎರಡರ ನಡುವೆ ಚೀಲದಂಥ ಚರ್ಮದ ಲೈನರ್ ಇರುತ್ತದೆ. ಬೆವರು ಹೀರಲೆಂದು ಅದರ ಒಳಮೈಗೆ ತೆಳುವಾದ ಹತ್ತಿಬಟ್ಟೆ ಅಂಟಿಸುತ್ತಿದ್ದೆವು. ಹೊಲಿದರೆ ಹೊಲಿಗೆಯ ಗೆರೆಯೇ ಮೈಯನ್ನು ಕೊರೆಯುತ್ತದೆ, ಹಾಗಾಗಿ ಅಂಟು. ಬಟ್ಟೆ ಬಿಟ್ಟುಕೊಂಡು ಸುಕ್ಕಾದರೆ ಆ ಸುಕ್ಕಿನ ಮೇಲೆ ಇಡೀ ದೇಹದ ಭಾರ ಬೀಳುತ್ತದೆ. ಸಕ್ಕರೆ ಇರುವವರಿಗೆ ನೋವು ತಿಳಿಯುವಷ್ಟರಲ್ಲಿ ಹುಣ್ಣಾಗಿರುತ್ತದೆ.

ಕಾಲು ಕೊಟ್ಟು ಎರಡು ತಿಂಗಳಾಗಿತ್ತು. ಸಣ್ಣೀರಪ್ಪ ಒಗೆದ ಪಂಚೆ ಉಟ್ಟು, ಲೈನರನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದ. ಒಳಗಿನ ಬಟ್ಟೆ ಅಂಗೈಯಗಲ ಎದ್ದಿತ್ತು. ಸ್ಟಂಪಿನ ಮುಂಭಾಗದಲ್ಲಿ ಹುಣಸೆ ಬೀಜದಷ್ಟು ಗಾಯ. ಲೈನರಿನ ಚರ್ಮ ಕಪ್ಪಾಗಿತ್ತು, ಬೆವರು ಕುಡಿದಿರಬೇಕು ಅಂದುಕೊಂಡೆ. ನಾವು ಬಳಸಿದ್ದು ನಿಯೋಪ್ರೀನ್, ಚಪ್ಪಲಿ ಹೊಲಿಯುವವರ ಬಳಿ ಇರುವ ಹಳದಿ ಅಂಟು. ಎರಡೂ ಮೈಗೆ ಸವರಿ, ಕೈಗೆ ಹತ್ತದಷ್ಟು ಆರಿದ ಮೇಲೆ ಒತ್ತಬೇಕು. ಆರುವ ಮೊದಲೇ ಒತ್ತಿರಬೇಕೆಂದು ನನ್ನನ್ನೇ ಬೈದುಕೊಂಡು, ಹಳೆ ಬಟ್ಟೆ ಕಿತ್ತು, ಅದೇ ಚರ್ಮಕ್ಕೆ ಅದೇ ಅಂಟಿನಿಂದ ಹೊಸ ಬಟ್ಟೆ ಕೂರಿಸಿದೆ.

ಹದಿನೈದು ದಿನಕ್ಕೆ ಅದೂ ಎದ್ದಿತು. ಗಾಯ ನಾಣ್ಯದಷ್ಟಾಗಿತ್ತು.

ಎರಡನೆಯದು ಲ್ಯಾಟೆಕ್ಸ್, ರಬ್ಬರ್ ಹಾಲಿನ ಅಂಟು. ಮೆತ್ತಗಿರುತ್ತದೆ, ಮೈಗೆ ಒರಟಲ್ಲ. ಅದನ್ನೂ ಅದೇ ಚರ್ಮಕ್ಕೇ ಹಾಕಿದೆ. ವಾರ ಕೂಡ ನಿಲ್ಲಲಿಲ್ಲ, ಲೋಳೆಯಾಗಿ ಸುರುಳಿ ಸುತ್ತಿಕೊಂಡಿತ್ತು. ಆ ಹೊತ್ತಿಗೆ ಶಸ್ತ್ರವೈದ್ಯರು ನನ್ನನ್ನು ಕರೆಸಿ, ಇನ್ನೊಂದು ಸಲ ಈ ಗಾಯ ಕೆಟ್ಟರೆ ಮೊಣಕಾಲಿನ ಮೇಲೆ ಕತ್ತರಿಸುವುದು ಬಿಟ್ಟು ದಾರಿಯಿಲ್ಲ ಎಂದರು. ಗಾಯ ಮಾಯುವವರೆಗೆ ಕಾಲು ಹಾಕಬೇಡ ಎಂದು ಸಣ್ಣೀರಪ್ಪನಿಗೆ ಅವರೂ ಹೇಳಿದರು, ನಾನೂ ಹೇಳಿದೆ. ಅವನು ತಲೆಯಾಡಿಸಿದ. ಮಂದೆ ಬಾಗೂರಿನ ಆಚೆ ಹೊಲಗಳಲ್ಲಿತ್ತು, ಅಲ್ಲಿ ಒಬ್ಬರೇ ಇದ್ದದ್ದು ಅವನ ಹೆಂಡತಿ ಸಿರಿಯಮ್ಮ. ಹತ್ತು ದಿನ ಸುಮ್ಮನಿದ್ದ. ಹನ್ನೊಂದನೆಯ ದಿನ ಕಾಲು ಕಟ್ಟಿದ.

ಮುಂದಿನ ದಿನಗಳು ನನಗೆ ಸರಿಯಾದ ಕ್ರಮದಲ್ಲಿ ನೆನಪಿಲ್ಲ. ಊಟದ ಡಬ್ಬಿ ಹಾಗೇ ವಾಪಸು ಮನೆಗೆ ಹೋಗುತ್ತಿತ್ತು ಎಂದು ಮನೆಯವರು ಹೇಳುತ್ತಾರೆ. ಚರ್ಮದ ತುಂಡುಗಳಿಗೆ ಬಟ್ಟೆಯ ಪಟ್ಟಿ ಅಂಟಿಸಿ ಉಪ್ಪುನೀರಿನಲ್ಲಿ ನೆನೆಹಾಕಿದೆ, ನಡುಮಧ್ಯಾಹ್ನ ತಗಡಿನ ಮೇಲೆ ಕಾಯಿಸಿದೆ, ಆಮೇಲೆ ಅಂಚು ಹಿಡಿದು ಎಳೆದೆ. ಒಂದೂ ಬಿಡಲಿಲ್ಲ. ಮೇಜಿನ ಮೇಲೆ ಎಲ್ಲ ಅಂಟೂ ಗೆಲ್ಲುತ್ತಿತ್ತು, ಸಣ್ಣೀರಪ್ಪನ ಕಾಲಿನಲ್ಲಿ ಎಲ್ಲವೂ ಸೋಲುತ್ತಿತ್ತು. ನನ್ನ ಪರೀಕ್ಷೆಯ ತುಂಡುಗಳೆಲ್ಲ ಹೊಸ ಚರ್ಮದವು ಎಂಬುದು ಹೊಳೆಯಲೇ ಇಲ್ಲ.

ಮೂರನೆಯದು ಪಿ.ಯು., ಪಾಲಿಯುರೆಥೇನ್. ಬಿಸಿ ಕೊಟ್ಟು ಕೂರಿಸಬೇಕು, ಅಂಟು ಹೆಚ್ಚಾದರೆ ಬಟ್ಟೆಯಿಂದ ಹೊರಬಂದು ಒಣಗಿ ಹಕ್ಕಳೆಗಟ್ಟುತ್ತದೆ. ಹೊಸ ಚರ್ಮ ಕತ್ತರಿಸಿ, ಅಂಟನ್ನು ತೆಳುವಾಗಿ ಎಳೆದು, ಓವನ್‌ನಲ್ಲಿಟ್ಟು ಒತ್ತಿದೆ. ಒಂದು ತಿಂಗಳು ನಿಂತಿತು, ಗಾಯ ಒಣಗತೊಡಗಿತು. ಗೆದ್ದೆ ಎಂದು ಮೇಲಿನವರಿಗೆ ವರದಿಯನ್ನೂ ಕಳಿಸಿದೆ. ಆಮೇಲೆ ಸಣ್ಣೀರಪ್ಪನ ಫೋನು ಬಂತು.

"ಮೇಡಂ, ಅರಿವೆ ಮತ್ತೆ ಎದ್ದೈತೆ. ಹುಣ್ಣು ವಾಸ್ನೆ ಬರ್ತೈತ್ರಿ."

ಮರುದಿನ ಬೆಳಿಗ್ಗೆ ಬಸ್ಸು ಹತ್ತಿ ಅವರ ಊರಿಗೆ ಹೋದೆ. ಅಷ್ಟರಲ್ಲಿ ಮಂದೆಯೂ ಊರಿಗೆ ವಾಪಸಾಗಿತ್ತು. ಕಾಲು ಕೊಟ್ಟಾಗಿನಿಂದ ನಾನು ಅವನ ಮನೆ ನೋಡಿದ್ದು ಅದೇ ಮೊದಲು. ಸಿರಿಯಮ್ಮ ಜಗಲಿಯಲ್ಲಿ ಬಿಸಿಲಿಗೆ ಕೂತು, ಲೈನರನ್ನು ತೊಡೆಯ ಮೇಲಿಟ್ಟು, ಹೆಬ್ಬೆರಳಿನಿಂದ ಚರ್ಮವನ್ನು ತಿಕ್ಕುತ್ತಿದ್ದರು. ಪಕ್ಕದಲ್ಲಿ ಒಂದು ಬಟ್ಟಲು.

"ಏನಮ್ಮ ಅದು?"

"ಹರಳೆಣ್ಣೆ ಕಣ್ರಿ. ಮನೇಲೆ ಕಾಸಿದ್ದು, ಅಂಗಡೀದಲ್ಲ." ಎಣ್ಣೆಯ ಗುಣಮಟ್ಟ ನೋಡಲು ಬಂದಿದ್ದೇನೆಂದು ಭಾವಿಸಿದಂತಿತ್ತು. "ಮೊದ್ಲು ವಾರಕ್ಕೊಂದ್ಸಲ ಹಚ್ತಿದ್ದೆ. ಹುಣ್ಣಾದ್ಮ್ಯಾಲೆ ದಿನಾ ಹಚ್ತೀನ್ರಿ, ಮೆತ್ತಗಿರ್ಲಿ ಅಂತ."

ಎಣ್ಣೆ ಚರ್ಮದೊಳಕ್ಕೆ ಇಳಿದರೆ ಹಿಂಬದಿಯಿಂದ ಅಂಟಿನ ಬುಡಕ್ಕೇ ಬರುತ್ತದೆ. ಒಮ್ಮೆ ಎಣ್ಣೆ ಕುಡಿದ ಚರ್ಮಕ್ಕೆ ಯಾವ ಅಂಟೂ ಕಚ್ಚುವುದಿಲ್ಲ. ಇದು ಕೆಲಸ ಕಲಿತ ಮೊದಲ ವರ್ಷದ ಪಾಠ. ಎಣ್ಣೆಯ ವಾಸನೆ ನನಗೆ ಯಾಕೆ ತಿಳಿಯಲಿಲ್ಲ ಎಂದರೆ, ಘಟಕಕ್ಕೆ ತರುವ ಹಿಂದಿನ ದಿನ ಸಿರಿಯಮ್ಮ ಸೀಗೆಪುಡಿ ಹಾಕಿ ಲೈನರನ್ನು ತೊಳೆದು ಒಣಗಿಸುತ್ತಿದ್ದರಂತೆ. ದೊಡ್ಡ ಊರಿಗೆ, ಓದಿದವರ ಕೈಗೆ ಕೊಡುವ ವಸ್ತು ಜಿಡ್ಡಾಗಿ ಇರಬಾರದಲ್ಲ.

ಯಾರು ಹೇಳಿದ್ದು ಎಣ್ಣೆ ಹಚ್ಚಲು ಎಂದು ಕೇಳಿದೆ. ಒಳಗೆ ಮಲಗಿದ್ದ ಸಣ್ಣೀರಪ್ಪ ಉತ್ತರ ಕೊಟ್ಟ.

"ನೀವೇ ಅಂದಿದ್ರಲ್ರಿ ಮೇಡಂ, ಕಾಲ್ಮೆಟ್ಟು ಜ್ವಾಪಾನ ಮಾಡ್ದಂಗೆ ಮಾಡ್ರಿ ಅಂತ. ನನ್ನ ಮೆಟ್ಟು ಎಂಟು ವರ್ಸ ಬಂದೈತೆ."

ಈ ಮಾತನ್ನು ನಾನು ಆಡಿದೆನೇ? ಕೆಲಸದ ಪುಸ್ತಕದಲ್ಲಿ "ಬಳಕೆಯ ವಿವರ ತಿಳಿಸಲಾಗಿದೆ" ಎಂದಷ್ಟೇ ಇದೆ. ತರಬೇತಿಗಳಲ್ಲಿ ನಾನು "ನಮ್ಮ ಸಿಬ್ಬಂದಿಯೊಬ್ಬರು ಹೀಗೆ ಹೇಳಿದ್ದರಂತೆ" ಎನ್ನುತ್ತಿದ್ದೆ. ನಾನು ಹುಟ್ಟಿದ್ದು ಹೊಸದುರ್ಗದ ಕಡೆ. ಅಪ್ಪ ಹೊಸ ಮೆಟ್ಟು ತಂದರೆ ಮೂರು ದಿನ ಹರಳೆಣ್ಣೆ ಕುಡಿಸಿ ಆಮೇಲೇ ಕಾಲಿಗೆ ಹಾಕುತ್ತಿದ್ದರು. ಈ ಸೀಮೆಯಲ್ಲಿ ಮೆಟ್ಟಿನ ಜೋಪಾನ ಎಂದರೆ ಎಣ್ಣೆ. ಅದು ಗೊತ್ತಿದ್ದೂ ಹೇಳಿದ್ದೇನೆ. ಹೇಳುವಾಗ ನಕ್ಕಿದ್ದೆ ಎಂದರು ಸಿರಿಯಮ್ಮ. ನಕ್ಕಿದ್ದು ನೆನಪಿಲ್ಲ.

ಆಕೆ ಬಟ್ಟಲನ್ನು ನೋಡಿದರು, ನನ್ನ ಮುಖ ನೋಡಿದರು. "ಎಣ್ಣೆಯಿಂದ ಆತೇನ್ರಿ?"

"ಇಲ್ಲಮ್ಮ, ಅಂಟೇ ಸರಿ ಇರ್ಲಿಲ್ಲ. ಈಗ ಹೊಸ ಅಂಟು ಹಾಕ್ತೀವಿ, ಅದಕ್ಕೆ ಎಣ್ಣೆ ಒಗ್ಗಲ್ಲ. ಇನ್ಮೇಲೆ ಹಚ್ಚಬೇಡಿ."

ಆವತ್ತೇ ಅವನನ್ನು ಆಸ್ಪತ್ರೆಗೆ ಕರೆತಂದೆ. ಘಟಕಕ್ಕೆ ಬಂದು, ಯಾರನ್ನೂ ಕೇಳದೆ, ಇನ್ನೊಂದು ಲೈನರ್ ಮಾಡಿದೆ. ಹೊಸ ಚರ್ಮ, ಹೊಸ ಬಟ್ಟೆ, ಮೊದಲಿನ ಅದೇ ಹಳದಿ ಅಂಟು. ಆ ಅಂಟಿನಲ್ಲಿ ಎಂದೂ ದೋಷವಿರಲಿಲ್ಲ. ಬಟ್ಟೆ ಎಳೆಯಷ್ಟೂ ಕದಲದಂತೆ ಕೂತಿತು. ಆದರೆ ಸೋಂಕು ಮೂಳೆಗೆ ಇಳಿದಿತ್ತು. ಮರುವಾರ ಮೊಣಕಾಲಿನ ಮೇಲೆ ಕತ್ತರಿಸಿದರು. ಯಾರೂ ಹಾಕದ ಆ ಲೈನರ್ ಇಂದಿಗೂ ನನ್ನ ಕಪಾಟಿನಲ್ಲಿದೆ. ಆಗಾಗ ಬಟ್ಟೆಯ ಅಂಚನ್ನು ಉಗುರಿನಿಂದ ಕೆರೆದು ನೋಡುತ್ತೇನೆ. ಬಿಟ್ಟಿಲ್ಲ.

ಐದಾರು ತಿಂಗಳ ನಂತರ ಗಂಡ ಹೆಂಡತಿ ಉದ್ದದ ಕಾಲಿನ ಅಳತೆಗೆ ಬಂದರು. ಕುರಿ ಮಾರಿದ್ದರು. ಸಿರಿಯಮ್ಮ ಹೊರಗೆ ಬೆಂಚಿನ ಮೇಲೆ ಕೂತರು. ನಾನು ಟೇಪು ಹಿಡಿದು ಬಗ್ಗಿದಾಗ ಸಣ್ಣೀರಪ್ಪ ದನಿ ತಗ್ಗಿಸಿದ.

"ಇದಕ್ಕೇನು ಹಚ್ಬೇಕು, ಏನು ಹಚ್ಬಾರ್ದು ಅಂತ ಈಗ್ಲೇ ಬಿಡಿಸಿ ಹೇಳ್ಬಿಡ್ರಿ. ಈ ಕಡೆ ಇನ್ನು ಕೊಡಾಕೆ ನನ್ತಾವ ಏನೂ ಉಳ್ದಿಲ್ಲ." ಆಮೇಲೆ ಬಾಗಿಲ ಕಡೆ ನೋಡಿ, "ಎಣ್ಣೆಯಿಂದ ಆತು ಅಂತ ಆಕೀಗೆ ಮಾತ್ರ ಹೇಳಬ್ಯಾಡ್ರಿ," ಅಂದ.

ಅಂದಿನಿಂದ ನಾನು ಯಾರಿಗೂ ಹೀಗೆ ನೋಡಿಕೊಳ್ಳಿ ಎಂದು ಹೇಳಿ ಕಳಿಸುವುದಿಲ್ಲ. ವಸ್ತುವನ್ನು ಅವರ ಕೈಗೆ ಕೊಟ್ಟು, ಮನೆಯಲ್ಲಿ ಏನು ಮಾಡುತ್ತೀರೋ ಇಲ್ಲೇ ಮಾಡಿ ತೋರಿಸಿ ಎನ್ನುತ್ತೇನೆ. ಅಂಟು ಆರಿಸುವುದು ಅದಾದಮೇಲೆ. ನನಗೆ ಈ ಕೆಲಸ ಕಲಿಸಿದ್ದು ಇಷ್ಟು, ಕಲಿತದ್ದು ಇನ್ನೊಬ್ಬರ ಮೊಣಕಾಲಿನ ಮೇಲೆ.

ಕೆಲಸದ ಪುಸ್ತಕದಲ್ಲಿ "ವಿಫಲತೆಗೆ ಕಾರಣ" ಎಂಬ ಕಾಲಂ ಇದೆ. ಸಣ್ಣೀರಪ್ಪನ ಹೆಸರಿನ ಮುಂದೆ, ನನ್ನದೇ ಅಕ್ಷರದಲ್ಲಿ, "ಅಂಟು" ಎಂದಿದೆ. ಸಿರಿಯಮ್ಮನಿಗೋಸ್ಕರ ಹಾಗೆ ಬರೆದೆ ಎಂದು ಬಹಳ ದಿನ ನಂಬಿಕೊಂಡಿದ್ದೆ.